ನಿಮ್ಮ ಪೋಸ್ಟ್‌ಗೆ ನೀವೇ ವೋಟ್ ಹಾಕಬಹುದಾ? ಹೀಗೆ ನಿರ್ಧರಿಸಿ

ಆನ್‌ಲೈನ್ ಸಮುದಾಯವೊಂದರಲ್ಲಿ ಯಾರದೋ ಪ್ರಶ್ನೆಗೆ ಉತ್ತರ ಬರೆದಿದ್ದೀರಿ. ಪಕ್ಕದಲ್ಲೇ ಅಪ್‌ವೋಟ್ (ಮೆಚ್ಚುಗೆಯ ವೋಟ್) ಬಾಣ ಇದೆ, ಲೆಕ್ಕ ಸೊನ್ನೆಯಲ್ಲಿದೆ. ಒತ್ತಬೇಕಾ, ಬೇಡವಾ?

ಮೊದಲು ಆ ವೋಟ್ ಅಲ್ಲಿ ಏನು ಕೆಲಸ ಮಾಡುತ್ತದೆ ಎಂದು ನೋಡಿ. ಫೇಸ್‌ಬುಕ್‌ನಲ್ಲಿ ನಿಮ್ಮ ಫೋಟೊಗೆ ನೀವೇ ಲೈಕ್ ಕೊಟ್ಟರೆ ನಿಮ್ಮ ಹೆಸರು ಅಲ್ಲೇ ಕಾಣುತ್ತದೆ. ಯಾರಿಗೂ ಮೋಸವಿಲ್ಲ. ಆದರೆ ವೋಟ್ ಹಾಕಿದ್ದು ಯಾರೆಂದು ತೋರಿಸದೆ, ಬರೀ ಲೆಕ್ಕ ನೋಡಿ ಉತ್ತರಗಳನ್ನು ಮೇಲೆ ಕೆಳಗೆ ಮಾಡುವ ಕಡೆ ಮಾತೇ ಬೇರೆ.

ಎರಡು ಉತ್ತರ ಇವೆ ಎಂದುಕೊಳ್ಳಿ, ಎರಡಕ್ಕೂ ಸೊನ್ನೆ. ಒಬ್ಬರು ತಮ್ಮದಕ್ಕೆ ತಾವೇ ಒತ್ತಿದರೆ ಅದು ಮೇಲಕ್ಕೆ ಹೋಗುತ್ತದೆ. ಓದುವವರ ಕಣ್ಣು ಮೊದಲು ಬೀಳುವುದು ಅಲ್ಲೇ. ಒಂದೇ ವೋಟ್ ಅಲ್ವಾ ಎನ್ನಬೇಡಿ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಸಿಕ್ಕಸಿಕ್ಕ ಕೆಲವು ಕಾಮೆಂಟ್‌ಗಳಿಗೆ ಶುರುವಿನಲ್ಲೇ ಒಂದು ಅಪ್‌ವೋಟ್ ಸೇರಿಸಿದ್ದರು. ಅವುಗಳ ಕೊನೆಯ ಅಂಕ ಸರಾಸರಿ 25% ಜಾಸ್ತಿಯಾಯಿತು. ಕಾಮೆಂಟ್ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೂ ಆ ಮೊದಲ ವೋಟ್‌ಗೂ ಸಂಬಂಧವೇ ಇರಲಿಲ್ಲ! ಹಾಗಾಗಿ ಇಂಥ ಕಡೆ ಒತ್ತಬೇಡಿ ಎಂದೇ ನಾನು ಹೇಳುತ್ತೇನೆ.

ಇನ್ನು ಅಲ್ಲಿನ ನಿಯಮ ನೋಡಿಕೊಳ್ಳಿ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಸ್ವಂತ ವೋಟ್ ನಡೆಯುವುದೇ ಇಲ್ಲ. ಚರ್ಚಾ ತಾಣವಾದ ರೆಡ್ಡಿಟ್‌ನಲ್ಲಿ ಪೋಸ್ಟ್ ಹಾಕಿದ ಕೂಡಲೇ ನಿಮ್ಮ ವೋಟ್ ತಾನಾಗಿ ಬೀಳುತ್ತದೆ. ಅದನ್ನು ತೆಗೆಯುವ ಗೋಜಿಗೆ ಹೋಗಬೇಡಿ. ಎಲ್ಲರಿಗೂ ಒಂದು ಸಿಗುವುದರಿಂದ ಯಾರೂ ಮುಂದೆ ಹೋಗುವುದಿಲ್ಲ.

ದುಡ್ಡು ಸೇರಿದರೆ ಇನ್ನೂ ಎಚ್ಚರ ಬೇಕು. 2016ರಲ್ಲಿ ಶುರುವಾದ ಸ್ಟೀಮಿಟ್ ಎಂಬ ಬ್ಲಾಗ್ ತಾಣದಲ್ಲಿ, ಬಿದ್ದ ವೋಟ್‌ಗೆ ತಕ್ಕಂತೆ ಬರೆದವರಿಗೆ ಕ್ರಿಪ್ಟೊ ಹಣ ಸಿಗುತ್ತಿತ್ತು. ಜಾಸ್ತಿ ಟೋಕನ್ (ಅಲ್ಲಿನ ಕ್ರಿಪ್ಟೊ ನಾಣ್ಯ) ಕೂಡಿಟ್ಟವರ ವೋಟ್‌ಗೆ ಜಾಸ್ತಿ ತೂಕ. ಹಂಚುವ ಗಂಟು ಎಲ್ಲರಿಗೂ ಸೇರಿ ಒಂದೇ ಆದ್ದರಿಂದ, ತಮಗೆ ತಾವೇ ವೋಟ್ ಹಾಕಿಕೊಂಡವರು ಬೇರೆಯವರ ಪಾಲನ್ನೇ ತೆಗೆದುಕೊಂಡಂತಾಗುತ್ತಿತ್ತು.

ಇನ್ನೊಂದು ಅಕೌಂಟ್ ತೆರೆದು ಒತ್ತುವುದಂತೂ ಬೇಡವೇ ಬೇಡ. ಸಿಕ್ಕಿಬಿದ್ದರೆ ಎರಡೂ ಅಕೌಂಟ್ ಹೋಗಬಹುದು.

ಹಾಗಾದರೆ ಒಳ್ಳೆಯ ಉತ್ತರ ಕೆಳಗೇ ಬಿದ್ದಿದ್ದರೆ? ಎಡಿಟ್ ಮಾಡಿ. ಮುಖ್ಯ ಮಾತನ್ನು ಮೊದಲ ಸಾಲಿಗೆ ತನ್ನಿ, ಒಂದು ಉದಾಹರಣೆ ಸೇರಿಸಿ. ನಿಮ್ಮ ಪ್ರಶ್ನೆಗೆ ನೀವೇ ಪರಿಹಾರ ಕಂಡುಕೊಂಡಿದ್ದರೆ, ಸ್ಟ್ಯಾಕ್ ಓವರ್‌ಫ್ಲೋನಲ್ಲಿ 2 ದಿನದ ನಂತರ ಅದನ್ನೇ ಸರಿಯುತ್ತರ ಎಂದು ಗುರುತು ಮಾಡಬಹುದು. ಅದಕ್ಕೆ ಅಂಕ ಸಿಗುವುದಿಲ್ಲ. ಮುಂದೆ ಬರುವವರಿಗೆ ದಾರಿ ಸಿಗುತ್ತದೆ, ನಿಮಗೆ ಪುಕ್ಕಟೆ ಲಾಭವಿಲ್ಲ. ನನಗೆ ತುಂಬಾ ಹಿಡಿಸಿದ ವ್ಯವಸ್ಥೆ ಇದು.

ಸಮುದಾಯ ನಡೆಸುವವರು ನೀವೇ ಆಗಿದ್ದರೆ ಸುಮ್ನೆ ಬಟನ್ ಮರೆಮಾಡಿದರೆ ಸಾಲದು. ಬರೆದವರ ಐಡಿ, ವೋಟ್ ಹಾಕಿದವರ ಐಡಿ ಒಂದೇ ಆದರೆ ಸರ್ವರ್‌ನಲ್ಲೇ ತಡೆಯಿರಿ. ಹಳೆಯ ಸ್ವಂತ ವೋಟ್‌ಗಳನ್ನೂ ಅದೇ ದಿನ ಲೆಕ್ಕದಿಂದ ತೆಗೆಯಿರಿ. ಇಲ್ಲದಿದ್ದರೆ ಮೊದಲೇ ಒತ್ತಿಕೊಂಡವರು ಮೇಲೆಯೇ ಉಳಿದುಬಿಡುತ್ತಾರೆ.