ಸ್ನೋಮೊಬೈಲ್ ದಾರಿಯ ಪಕ್ಕದ ಮನೆಯಲ್ಲಿ ಚಳಿಗಾಲ: ನನ್ನ ಅನುಭವ

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಲೇಕ್ ಸುಪೀರಿಯರ್ ಸರೋವರದ ಒಳಕ್ಕೆ ಚಾಚಿಕೊಂಡಿರುವ ಕೀವೆನಾ ಅನ್ನೋ ಜಾಗದಲ್ಲಿ ನಾವಿದ್ದೇವೆ. ಹೆಂಡತಿಗೆ ಹೋಟನ್ ಊರಿನ ವಿಶ್ವವಿದ್ಯಾಲಯದಲ್ಲಿ ಕೆಲಸ. ಮನೆ ಮಾತ್ರ ಊರಿಂದ ಆಚೆ, ತಾಮ್ರದ ಗಣಿ ಕಾಲದ ಹಳೇ ಮರದ ಮನೆ. ಅದರ ಹಿಂದೆಯೇ ಸ್ನೋಮೊಬೈಲ್ ದಾರಿ, ಅಂದರೆ ಹಿಮದ ಮೇಲೆ ಓಡುವ ಎಂಜಿನ್ ಗಾಡಿಗಳ ದಾರಿ. ಗಣಿಗಳು ಮುಚ್ಚಿ ರೈಲು ನಿಂತ ಮೇಲೆ ಹಳಿ ಕಿತ್ತು, ಆ ಜಾಗವನ್ನೇ ದಾರಿ ಮಾಡಿದ್ದಾರೆ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಸೀಸನ್. ಇಲ್ಲಿ 200 ಇಂಚು ಹಿಮ ಬೀಳೋದು ಮಾಮೂಲಿ, ಹಾಗಾಗಿ ದೂರದೂರದಿಂದ ಜನ ಈ ಗಾಡಿ ಓಡಿಸೋಕೆ ಬರುತ್ತಾರೆ, ಮೋಟೆಲ್ಲು, ಬಾರು, ಪೆಟ್ರೋಲ್ ಬಂಕು ಎಲ್ಲ ಅವರನ್ನೇ ನಂಬಿಕೊಂಡಿವೆ. 2023-24ರ ಚಳಿಗಾಲದಲ್ಲಿ ಹಿಮವೇ ಸರಿಯಾಗಿ ಬೀಳಲಿಲ್ಲ. ಗಾಡಿಗಳ ಸದ್ದಿಲ್ಲದೆ ನಮಗೆ ನಿದ್ದೆ ಚೆನ್ನಾಗಿ ಬಂತು, ಊರಿನ ಅಂಗಡಿಯವರ ಮುಖ ನೋಡೋಕೆ ಆಗುತ್ತಿರಲಿಲ್ಲ. ಆದ್ದರಿಂದ ಈ ಗಾಡಿಗಳೇ ಬೇಡ ಅನ್ನೋದು ನನ್ನ ವಾದ ಅಲ್ಲ. ಮನೆಯೊಳಗೆ ಮಲಗೋಕೆ ಆಗಬೇಕು, ಅಷ್ಟೇ.

ಮೊದಲು ನಾನು ಮಾಡಿದ್ದು ಸುಮ್ನೆ ಕೂತು ಆ ಸದ್ದು ಕೇಳಿದ್ದು. ಯಾವ ಹೊತ್ತಿಗೆ, ಯಾವ ಹವಾಮಾನದಲ್ಲಿ ಜಾಸ್ತಿ ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಹೊಸ ಪುಡಿ ಹಿಮ ಬಿದ್ದ ದಿನ ಸದ್ದನ್ನು ಅದೇ ಹೀರಿಕೊಳ್ಳುತ್ತದೆ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿ ಮೇಲೆ ಗಟ್ಟಿ ಪದರ ಕೂತರೆ ಸದ್ದು ಅದರ ಮೇಲೆ ಜಾರಿಕೊಂಡು ಬಂದು ಕಿಟಕಿಗೆ ಬಡಿಯುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ಕೊರೆಯುವ ರಾತ್ರಿಗಳು ಇನ್ನೂ ಕಷ್ಟ, ಯಾಕೆಂದರೆ ಆಗ ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಿರುತ್ತದೆ, ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಗೇ ಬರುತ್ತದೆ, ಎಲ್ಲೋ ದೂರದ ಗಾಡಿಯೂ ಅಂಗಳದಲ್ಲೇ ಇದ್ದ ಹಾಗೆ ಕೇಳುತ್ತದೆ.

ಇನ್ನೊಂದು ವಿಷಯವೂ ಗೊತ್ತಾಯಿತು. ಒಂದೇ ವೇಗದಲ್ಲಿ ಹೋಗುವ ಗಾಡಿ ಅಷ್ಟೇನೂ ತೊಂದರೆ ಕೊಡೋದಿಲ್ಲ. ನಮ್ಮ ಮನೆ ಹತ್ತಿರ ದಾರಿ ಒಂದು ರಸ್ತೆಯನ್ನು ದಾಟುತ್ತದೆ, ಅಲ್ಲಿ ಎಲ್ಲರೂ ನಿಲ್ಲಬೇಕು. ನಿಂತವರು ಹೊರಡುವಾಗ ಥ್ರಾಟಲ್ (ಆಕ್ಸಿಲರೇಟರ್) ಒತ್ತುತ್ತಾರಲ್ಲ, ಆ ಸದ್ದೇ ನಮ್ಮನ್ನು ಎಬ್ಬಿಸುತ್ತಿದ್ದುದು. ಕಂಪನಿಯಿಂದ ಬಂದ ಗಾಡಿ ಪೂರ್ತಿ ಥ್ರಾಟಲ್‌ನಲ್ಲೂ 50 ಅಡಿ ದೂರಕ್ಕೆ 78 ಡೆಸಿಬೆಲ್ ದಾಟಬಾರದು ಅನ್ನೋ ಮಿತಿ 1970ರ ದಶಕದಿಂದಲೇ ಇದೆ. ಸೈಲೆನ್ಸರ್ ತೆಗೆದು ಬೇರೆ ಹಾಕಿಸಿಕೊಂಡ ಗಾಡಿಗಳದ್ದೇ ನಿಜವಾದ ಕಾಟ. ಅಂಥದ್ದೊಂದು ಬಂದರೆ ಹಿಂದಿನ ಇಡೀ ಗುಂಪಿಗೂ ಕೆಟ್ಟ ಹೆಸರು.

ಮನೆಯೊಳಗಿನ ಕೆಲಸಕ್ಕೆ ಬರುತ್ತೇನೆ. ಹಳೇ ಕಿಟಕಿಗಳಲ್ಲಿ ಚೌಕಟ್ಟಿನ ಪಕ್ಕ ಟೊಳ್ಳು ಜಾಗ ಇರುತ್ತದೆ, ಕಿಟಕಿ ಎತ್ತೋಕೆ ಅಂತ ಕಬ್ಬಿಣದ ತೂಕಗಳು ಅಲ್ಲಿ ನೇತಾಡುತ್ತಿರುತ್ತವೆ. ಚಳಿ, ಸದ್ದು ಎರಡೂ ನುಗ್ಗೋದು ಅಲ್ಲಿಂದಲೇ. ಮೊದಲು ಅಂಥ ಸಂದುಗಳನ್ನೆಲ್ಲ ಮುಚ್ಚಿದೆ. ಆಮೇಲೆ ದಪ್ಪ ಅಕ್ರಿಲಿಕ್ ಹಾಳೆಯನ್ನು ಕಿಟಕಿಯ ಒಳಬದಿಗೆ, ಸುತ್ತಲೂ ರಬ್ಬರ್ ಕೊಟ್ಟು ಬಿಗಿಯಾಗಿ ಕೂರಿಸಿದೆ. ಗಾಜಿಗೂ ಹಾಳೆಗೂ ನಡುವೆ ಎಷ್ಟು ಅಂತರ ಸಿಗುತ್ತೋ ಅಷ್ಟು ಒಳ್ಳೇದು, ಈ ಎಂಜಿನ್‌ಗಳ ಗುಂಯ್ ಅನ್ನೋ ದಪ್ಪ ಸದ್ದಿಗೆ ಸಣ್ಣ ಅಂತರ ಸಾಲೋದಿಲ್ಲ. ನಾನು ಸುಮಾರು ನಾಲ್ಕು ಇಂಚು ಬಿಟ್ಟೆ. ವ್ಯತ್ಯಾಸ ಅದೇ ರಾತ್ರಿ ಗೊತ್ತಾಯಿತು, ಹೀಟಿಂಗ್ ಬಿಲ್ಲೂ ಇಳಿಯಿತು.

ಮರ ನೆಡಿ ಅಂತ ತುಂಬಾ ಜನ ಹೇಳುತ್ತಾರೆ. ಒಂದೆರಡು ಸಾಲು ಸ್ಪ್ರೂಸ್ ಅನ್ನೋ ಸೂಜಿಯೆಲೆ ಮರದಿಂದ ಗಾಡಿ ಕಣ್ಣಿಗೆ ಮರೆಯಾಗುತ್ತದೆ, ಸದ್ದಿಗೆ ತಡೆ ಬೇಕಾದರೆ ದಟ್ಟ ಕಾಡೇ ಬೇಕು. ನಾನು ಹಿಮವನ್ನೇ ಬಳಸಿದೆ. ಸ್ನೋ ಬ್ಲೋವರ್‌ನಲ್ಲಿ ಅಂಗಳದ ಹಿಮವನ್ನೆಲ್ಲ ಹಿಂಬದಿಗೆ, ನಮ್ಮ ಜಾಗದೊಳಗೇ, ಒಂದು ಸಾಲಾಗಿ ಎಸೆದು ಗಟ್ಟಿ ಮಾಡುತ್ತೇನೆ. ಜನವರಿ ಹೊತ್ತಿಗೆ ಆಳೆತ್ತರಕ್ಕೂ ಮೀರಿದ ಗೋಡೆ. ಎಂಜಿನ್, ಎಕ್ಸಾಸ್ಟ್ ಎರಡೂ ನೆಲಕ್ಕೆ ಹತ್ತಿರ ಇರೋದರಿಂದ ಕೆಳಗಿನ ಕೋಣೆಗಳಿಗೆ ಈ ಗೋಡೆ ಚೆನ್ನಾಗಿ ತಡೆಯುತ್ತದೆ, ಮಹಡಿಗೆ ಏನೂ ಪ್ರಯೋಜನ ಇಲ್ಲ. ಅದಕ್ಕೇ ಚಳಿಗಾಲದಲ್ಲಿ ನಮ್ಮ ಹಾಸಿಗೆ ಕೆಳಗೆ, ರಸ್ತೆ ಕಡೆಯ ಕೋಣೆಯಲ್ಲಿ. ಜೊತೆಗೆ ಒಂದು ಫ್ಯಾನ್ ಹಾಕಿಡುತ್ತೇವೆ. ಮಲೆನಾಡಿನಲ್ಲಿ ತಗಡಿನ ಮೇಲೆ ಇಡೀ ರಾತ್ರಿ ಮಳೆ ಬಡಿದರೂ ನಿದ್ದೆ ಬರುತ್ತಿತ್ತು, ಅಲ್ವಾ? ಒಂದೇ ಸಮನೆ ಬರುವ ಸದ್ದು ಎಬ್ಬಿಸೋದಿಲ್ಲ, ಇದ್ದಕ್ಕಿದ್ದಂತೆ ಬಂದು ಹೋಗುವ ಸದ್ದು ಎಬ್ಬಿಸುತ್ತದೆ.

ಇನ್ನು ಕಾನೂನು. ಮಧ್ಯರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಮನೆಯಿಂದ 100 ಅಡಿಯೊಳಗೆ ಗಾಡಿ ಮುಂದೆ ಸಾಗೋಕೆ ಬೇಕಾದಷ್ಟು ಕನಿಷ್ಠ ವೇಗದಲ್ಲೇ ಹೋಗಬೇಕು ಅಂತ ಮಿಷಿಗನ್ನಿನಲ್ಲಿ ಇದೆ. ನಮ್ಮ ಮನೆಗೂ ದಾರಿಗೂ 150 ಅಡಿ, ನಮಗೆ ಅದು ಅನ್ವಯಿಸೋದಿಲ್ಲ. ಹಾಗಾಗಿ ದಾರಿ ನೋಡಿಕೊಳ್ಳುವ ಕ್ಲಬ್ಬಿನವರನ್ನೇ ಹೋಗಿ ನೋಡಿದೆ. ಎಲ್ಲ ಸುತ್ತಮುತ್ತಲಿನ ಜನ, ಸ್ವಂತ ಸಮಯ ಕೊಟ್ಟು ದುಡಿಯೋರು. ದೂರು ಅಂತ ಹೋಗಲಿಲ್ಲ, ನನ್ನ ಪುಸ್ತಕ ತೋರಿಸಿ ಎಲ್ಲಿ, ಯಾವಾಗ ತೊಂದರೆ ಅಂತ ಹೇಳಿದೆ. ನನಗಿಂತ ಅವರಿಗೇ ಆ ಜೋರು ಸೈಲೆನ್ಸರ್‌ಗಳ ಮೇಲೆ ಸಿಟ್ಟು ಜಾಸ್ತಿ. ಎಷ್ಟೋ ಕಡೆ ದಾರಿ ಖಾಸಗಿ ಜಮೀನಿನ ಮೇಲೆ, ಮಾಲೀಕರ ಒಪ್ಪಿಗೆಯಿಂದ ಹಾದುಹೋಗುತ್ತದೆ. ಸದ್ದಿಗೆ ಬೇಸತ್ತು ಒಬ್ಬ ಮಾಲೀಕ ಬೇಡ ಅಂದರೆ ಆ ದಾರಿಯೇ ತುಂಡಾಗುತ್ತದೆ. ಕ್ಲಬ್ಬಿನವರೇ ಅನುಮತಿ ಪಡೆದು, ರಸ್ತೆ ದಾಟಿದ ಕೂಡಲೇ ಕಾಣುವ ಹಾಗೆ 'ಮನೆಗಳಿವೆ, ನಿಧಾನ' ಅನ್ನೋ ಫಲಕ ಹಾಕಿಸಿದರು. ಎಲ್ಲರೂ ಪಾಲಿಸೋದಿಲ್ಲ, ಆದರೆ ಬಹಳ ಜನ ಪಾಲಿಸುತ್ತಾರೆ, ನನಗೆ ಅದು ಕಿಟಕಿಗಿಂತ ದೊಡ್ಡ ಲಾಭ. ರಾತ್ರಿ ದಾರಿ ಸಮ ಮಾಡೋಕೆ ಬರುವ ಗ್ರೂಮರ್ ಬಗ್ಗೆ ನಾನು ಏನೂ ಕೇಳಲಿಲ್ಲ. ಚಳಿ ಇದ್ದಾಗ, ಗಾಡಿ ಕಡಿಮೆ ಇದ್ದಾಗಲೇ ಹಿಮ ಗಟ್ಟಿಯಾಗಿ ಕೂರೋದು, ಆ ಕೆಲಸ ರಾತ್ರಿಯೇ ಆಗಬೇಕು.

ಈ ಕಡೆ ಮನೆ ಕೊಳ್ಳೋ ಯೋಚನೆ ಇರುವವರು ಜುಲೈನಲ್ಲಿ ಮಾತ್ರ ನೋಡಿ ಒಪ್ಪಿಕೊಳ್ಳಬೇಡಿ. ರಾಜ್ಯದ ದಾರಿ ನಕ್ಷೆ ತೆಗೆದು ಮನೆ ಹತ್ತಿರ ರಸ್ತೆ ದಾಟುವ ಜಾಗ ಇದೆಯಾ ನೋಡಿ. ಆಗೋದಾದರೆ ಫೆಬ್ರವರಿಯ ಒಂದು ಶನಿವಾರ ರಾತ್ರಿ ಅಲ್ಲೇ ಹತ್ತಿರ ಉಳಿದು ಸದ್ದು ಕೇಳಿ, ಆಮೇಲೆ ಮಾತಾಡಿ.