ದಿನಕ್ಕೊಂದು ಟ್ಯಾಂಕರ್ ರಕ್ತ: ಪರಿಚಲನೆಯನ್ನು ಮನೆಯಲ್ಲೇ ಅಳೆದು ತಿಳಿಯುವ ಬಗೆ

ಹೃದಯದ ಪಾಠವನ್ನು ಮಕ್ಕಳಿಗೆ ಹೇಳಿಕೊಡಲು ಕುಳಿತವರು ಸಾಮಾನ್ಯವಾಗಿ ಪಠ್ಯಪುಸ್ತಕದ ಚಿತ್ರದಿಂದಲೇ ಆರಂಭಿಸುತ್ತಾರೆ. ಒಂದು ಬದಿ ಕೆಂಪು, ಇನ್ನೊಂದು ಬದಿ ನೀಲಿ, ನಡುವೆ ಬಾಣದ ಗುರುತುಗಳು. ಬಾಣಗಳನ್ನು ಬಾಯಿಪಾಠ ಮಾಡಿದ ಮಗುವಿಗೆ ಅಂಕಗಳೇನೋ ಬರುತ್ತವೆ, ಆದರೆ ರಕ್ತವು ಸುತ್ತಿ ಬರುತ್ತದೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಬಸವನಗುಡಿಯ ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿಗೆ ಪಾಠ ಹೇಳುವಾಗ ನಾನು ಚಿತ್ರವನ್ನು ಕೊನೆಗೆ ಇಟ್ಟುಕೊಂಡೆ. ಸೆಕೆಂಡಿನ ಮುಳ್ಳಿರುವ ಗಡಿಯಾರ, ಒಂದು ಹಾಳೆ ಮತ್ತು ಒಂದು ಬಿಡುವಿನ ಸಂಜೆ ಇದ್ದರೆ ಈ ಕ್ರಮಕ್ಕೆ ಸಾಕು.

ಮೊದಲು ಐದು ನಿಮಿಷ ಸುಮ್ಮನೆ ಕುಳಿತು ನಾಡಿಯನ್ನು ಎಣಿಸಬೇಕು. ಅಂಗೈಯನ್ನು ಮೇಲ್ಮುಖವಾಗಿಟ್ಟು, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಇಳಿದಾಗ ಸಿಗುವ ತಗ್ಗಿನಲ್ಲಿ ತೋರುಬೆರಳು ಮತ್ತು ನಡುಬೆರಳನ್ನು ಹಗುರವಾಗಿ ಊರಬೇಕು. ಹೆಬ್ಬೆರಳನ್ನು ಬಳಸಬಾರದು, ಏಕೆಂದರೆ ಅದರದ್ದೇ ಮಿಡಿತವು ಎಣಿಕೆಯಲ್ಲಿ ಸೇರಿಕೊಳ್ಳಬಹುದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿಗಿಂತ ಪೂರ್ತಿ ಒಂದು ನಿಮಿಷ ಎಣಿಸುವುದು ಮೇಲು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಮಿಡಿತಗಳು ಸಹಜವೆನಿಸುತ್ತವೆ. ಇಲ್ಲೊಂದು ಮಾತು: ಬೆರಳಿಗೆ ತಾಗುವುದು ಹೃದಯದಿಂದ ಆಗತಾನೆ ಹೊರಟ ರಕ್ತವಲ್ಲ, ಅದು ಅಪಧಮನಿಯ (ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳದ) ಗೋಡೆಯುದ್ದಕ್ಕೂ ಧಾವಿಸಿ ಬಂದ ಒತ್ತಡದ ಅಲೆ. ರಕ್ತವು ಅದರ ಹಿಂದೆ ನಿಧಾನವಾಗಿ ಬರುತ್ತದೆ.

ಈಗ ಹಾಳೆಯಲ್ಲಿ ಲೆಕ್ಕ ಮಾಡಬೇಕು. ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಇದೇ. ವಯಸ್ಕರ ಎಡ ಹೃತ್ಕುಕ್ಷಿಯು (ದೇಹಕ್ಕೆ ರಕ್ತವನ್ನು ತಳ್ಳುವ ಹೃದಯದ ಕೋಣೆ) ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರತಳ್ಳುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ ಐದು ಲೀಟರ್, ಗಂಟೆಗೆ 300 ಲೀಟರ್, ದಿನಕ್ಕೆ 7,200 ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಹಾರ್ನ್ ಹೊಡೆಯುತ್ತ ಬರುವ 6,000 ಲೀಟರಿನ ನೀರಿನ ಟ್ಯಾಂಕರನ್ನು ಮಗುವಿಗೆ ನೆನಪಿಸಿರಿ. ಅದು ತುಂಬಿ, ಮೇಲೆ ಇನ್ನೂ ಸಾವಿರ ಲೀಟರ್ ಉಳಿಯುತ್ತದೆ. ದಿನಕ್ಕೆ ಇಷ್ಟು ರಕ್ತವನ್ನು ಯಾವ ಊಟದಿಂದ ತಯಾರಿಸುವುದು, ತಯಾರಾದದ್ದು ಎಲ್ಲಿ ಇಂಗಿಹೋಗುವುದು ಎಂದು ಕೇಳಿ ಸ್ವಲ್ಪ ಹೊತ್ತು ಕಾಯಿರಿ. ದೇಹದಲ್ಲಿರುವುದು ಒಟ್ಟು ಐದು ಲೀಟರಿನ ಆಸುಪಾಸು. ಹಾಗಾದರೆ ಅದೇ ರಕ್ತ ಮತ್ತೆ ಮತ್ತೆ ಬರುತ್ತಿರಬೇಕು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಮುಂದಿಟ್ಟ ವಾದದ ಬೆನ್ನೆಲುಬೂ ಇಂಥದೇ ಲೆಕ್ಕವಾಗಿತ್ತು. ಅಪಧಮನಿಯಿಂದ ಅಭಿಧಮನಿಗೆ (ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳಕ್ಕೆ) ರಕ್ತ ದಾಟುವ ಸೂಕ್ಷ್ಮ ದಾರಿಯನ್ನು ಅವನು ಕಾಣಲಿಲ್ಲ. ಆ ಲೋಮನಾಳಗಳನ್ನು ಇಟಲಿಯ ಮಾಲ್ಪೀಗಿ 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದ ಮೂಲಕ ತೋರಿಸಿದನು.

ಹಾರ್ವೆಯ ಇನ್ನೊಂದು ಪ್ರಯೋಗವನ್ನು ಮುಂಗೈಯ ಮೇಲೆಯೇ ಮಾಡಬಹುದು. ಕೈಯನ್ನು ಕೆಳಗೆ ಇಳಿಬಿಟ್ಟು ನರಗಳು ಉಬ್ಬುವವರೆಗೆ ಕಾಯಬೇಕು (ಆಡುಮಾತಿನಲ್ಲಿ ನಾವು ನರವೆನ್ನುವುದು ಇಲ್ಲಿ ಅಭಿಧಮನಿಯನ್ನು). ಹಗ್ಗವನ್ನೋ ಬಟ್ಟೆಯನ್ನೋ ಬಿಗಿಯುವ ಅಗತ್ಯವಿಲ್ಲ. ಉದ್ದನೆಯ ಒಂದು ಅಭಿಧಮನಿಯನ್ನು ಆರಿಸಿ, ಮಣಿಕಟ್ಟಿನ ಬದಿಯಲ್ಲಿ ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ಕಡೆಗೆ, ಗಂಟಿನಂತೆ ಉಬ್ಬಿರುವ ಜಾಗವನ್ನು ದಾಟುವವರೆಗೆ ಸವರಿ, ಆ ಬೆರಳನ್ನು ಎತ್ತಿಬಿಡಿರಿ. ಗಂಟಿನ ಮೇಲ್ಭಾಗ ತುಂಬಿಕೊಂಡೇ ಇರುತ್ತದೆ, ಕೆಳಗಿನ ತುಂಡು ಮಾತ್ರ ಚಪ್ಪಟೆಯಾಗಿಯೇ ಉಳಿಯುತ್ತದೆ. ಆ ಗಂಟಿನಲ್ಲಿರುವ ಕವಾಟವು ರಕ್ತವನ್ನು ಹಿಂದಕ್ಕೆ ಬಿಡುವುದಿಲ್ಲ. ಮಣಿಕಟ್ಟಿನ ಬೆರಳನ್ನೂ ಎತ್ತಿದೊಡನೆ ಕೆಳಗಿನಿಂದ ರಕ್ತ ಸರ್ರನೆ ಏರಿ ಬರುತ್ತದೆ. ನಮ್ಮ ಹುಡುಗಿ ಇದನ್ನು ತನ್ನ ಕೈಯಲ್ಲಿ ನೋಡಲಾಗದೆ, ತೋಟದ ಕೆಲಸ ಮಾಡಿ ನರಗಳು ಎದ್ದು ಕಾಣುವ ಅಜ್ಜನ ಕೈಯಲ್ಲಿ ಮೂರು ಸಲ ಮಾಡಿಸಿ ನೋಡಿದಳು. ವಯಸ್ಸಾದವರ ಚರ್ಮ ತೆಳುವಾಗಿರುವುದರಿಂದ ಒತ್ತುವಾಗ ಜೋರು ಬೇಡ.

ಮರುದಿನ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ, ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆಯನ್ನು ಕೆಂಪೇಗೌಡರ ಗೋಪುರದವರೆಗೆ ಬಿರುಸಾಗಿ ಹತ್ತಿ, ನಿಂತ ಕ್ಷಣವೇ ಮತ್ತೆ ನಾಡಿಯನ್ನು ಎಣಿಸಿರಿ. ಇಲ್ಲಿ ಮಾತ್ರ ಹದಿನೈದು ಸೆಕೆಂಡಿನ ಎಣಿಕೆಯೇ ಸರಿ, ಏಕೆಂದರೆ ನಿಂತೊಡನೆ ನಾಡಿ ಇಳಿಯತೊಡಗುತ್ತದೆ. ಹೃದಯದ ತೊಂದರೆಯಿರುವವರು ಇದನ್ನು ಬಿಟ್ಟುಬಿಡಬೇಕು.

ನಾಡಿ ಏಕೆ ಏರಿತು ಎಂಬ ಪ್ರಶ್ನೆಯೇ ರಕ್ತವು ಹೊರುವ ಸರಕಿನ ಬಳಿಗೆ ಕರೆದೊಯ್ಯುತ್ತದೆ. ಕಾಲಿನ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕಾಯಿತು. ಆಮ್ಲಜನಕವು ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಅಷ್ಟಾಗಿ ಕರಗುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ ಹಾಗೆ ಕರಗಿ ಸಾಗುವುದು ಸುಮಾರು 0.3 ಮಿಲಿಲೀಟರ್ ಮಾತ್ರ. ಆದರೆ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ ಅಷ್ಟೇ ರಕ್ತದಲ್ಲಿ ಸುಮಾರು 20 ಮಿಲಿಲೀಟರಿನಷ್ಟನ್ನು ಹೊರುತ್ತದೆ. ರಕ್ತಹೀನತೆಯಿರುವವರು ಎರಡು ಮಹಡಿ ಹತ್ತುವಷ್ಟರಲ್ಲಿ ಏಕೆ ಏದುಸಿರು ಬಿಡುತ್ತಾರೆಂಬುದು ಈ ಎರಡು ಅಂಕಿಗಳಲ್ಲೇ ಇದೆ. ಹಿಂತಿರುಗುವಾಗ ಇಂಗಾಲದ ಡೈಆಕ್ಸೈಡ್ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲಿ ಪ್ಲಾಸ್ಮಾದ ಮೂಲಕವೇ ಶ್ವಾಸಕೋಶವನ್ನು ತಲುಪುತ್ತದೆ. ದೇಹದ ತ್ಯಾಜ್ಯವಾದ ಯೂರಿಯಾ ಕರಗಿದ ಸ್ಥಿತಿಯಲ್ಲಿ ಮೂತ್ರಪಿಂಡಗಳಿಗೆ ಹೋಗುತ್ತದೆ.

ಕೊನೆಯದಾಗಿ ಮನೆಗೆ ಬರುವ ದಾರಿಯಲ್ಲಿ ಬೆಣ್ಣೆ ಹಾಕಿದ ಒಂದು ದೋಸೆಯನ್ನು ತಿನ್ನಿರಿ ಮತ್ತು ಅದರ ಎರಡು ದಾರಿಗಳನ್ನು ಹಾಳೆಯ ಮೇಲೆ ಬರೆಸಿರಿ. ಅಕ್ಕಿ–ಉದ್ದಿನ ಪಿಷ್ಟದಿಂದ ಬಂದ ಗ್ಲೂಕೋಸ್ ಸಣ್ಣ ಕರುಳಿನ ಲೋಮನಾಳಗಳನ್ನು ಸೇರಿ, ಹೃದಯಕ್ಕೆ ಹೋಗುವ ಮೊದಲು ಯಕೃತ್ತಿನಲ್ಲಿ ತಪಾಸಣೆಗೆ ನಿಲ್ಲುತ್ತದೆ. ಬೆಣ್ಣೆಯ ಕೊಬ್ಬಿನ ಹೆಚ್ಚಿನ ಪಾಲು ಆ ಸರದಿಯಲ್ಲಿ ನಿಲ್ಲದೆ, ದುಗ್ಧನಾಳಗಳ (ರಕ್ತನಾಳಗಳಿಂದ ಬೇರೆಯಾದ, ದುಗ್ಧರಸ ಹರಿಯುವ ನಾಳಗಳ) ಮೂಲಕ ಬಳಸಿಕೊಂಡು ಎಡ ಕುತ್ತಿಗೆಯ ಬುಡದ ಅಭಿಧಮನಿಯಲ್ಲಿ ರಕ್ತಕ್ಕೆ ಬಂದು ಸೇರುತ್ತದೆ. ಜಿಡ್ಡಿನ ಊಟವಾದ ಕೆಲವು ಗಂಟೆಗಳವರೆಗೆ ಪ್ಲಾಸ್ಮಾ ಹಾಲು ಬೆರೆಸಿದಂತೆ ಮಸುಕಾಗಿ ಕಾಣುವುದು ಇದರಿಂದಲೇ. ಕೊಬ್ಬಿನ ರಕ್ತಪರೀಕ್ಷೆಗೆ ಎಷ್ಟೋ ಲ್ಯಾಬುಗಳಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿರೆಂದು ಹೇಳಿ ಕಳುಹಿಸುವುದೂ ಇದೇ ಕಾರಣಕ್ಕೆ.