ಪಿಕಪ್ ಹಿಂದೆ ಭಾರದ ಟ್ರೇಲರ್: ಅಮೆರಿಕದಲ್ಲಿ ದುಡಿಮೆಗೆ ಇಳಿಸುವ ಮುನ್ನ

ಅಮೆರಿಕದಲ್ಲಿ ಪಿಕಪ್ ಕೊಳ್ಳಲು ವಿಶೇಷ ಪರವಾನಗಿ ಬೇಕಿಲ್ಲ. ಟ್ರೇಲರ್ ಕೊಳ್ಳಲೂ ಬೇಕಿಲ್ಲ. ಆದರೆ ಎರಡನ್ನೂ ಜೋಡಿಸಿ, ಮೇಲೊಂದು ಅಗೆಯುವ ಯಂತ್ರವನ್ನೋ ಗಿರಾಕಿಯ ಕಾರನ್ನೋ ಏರಿಸಿ ರಾಜ್ಯದ ಗಡಿ ದಾಟಿದರೆ, ಕಾನೂನು ನಿಮ್ಮನ್ನು ಲಾರಿ ಕಂಪನಿಗಳ ಸಾಲಿನಲ್ಲೇ ನಿಲ್ಲಿಸಬಹುದು. ತೋಟ ನಿರ್ವಹಣೆ, ಕಟ್ಟಡ ಕಾಮಗಾರಿ, ವಾಹನ ಸಾಗಣೆಯಂಥ ಸಣ್ಣ ಉದ್ಯೋಗಕ್ಕೆ ಕೈ ಹಾಕುವವರು ಟ್ರೇಲರ್‌ಗೆ ಮುಂಗಡ ಕೊಡುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಬೇಕು. ಕೊಂಡ ಮೇಲೆ ಹಾಕಿದ ಲೆಕ್ಕ ದುಬಾರಿಯಾಗುತ್ತದೆ.

ಮೊದಲ ಹೆಜ್ಜೆ: ಫಲಕ ಓದಿ, ಕೂಡಿಸಿ

ಪಿಕಪ್‌ನ ಚಾಲಕನ ಬದಿಯ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಕಾಣುತ್ತದೆ. ವಾಹನ, ಜನ, ಸರಕು ಎಲ್ಲ ಸೇರಿ ಎಷ್ಟು ತೂಗಬಹುದು ಎಂದು ತಯಾರಕರು ನಿಗದಿಪಡಿಸಿದ ಮಿತಿ, ಅಂದರೆ ಜಿವಿಡಬ್ಲ್ಯೂಆರ್, ಅದರಲ್ಲಿದೆ. ಟ್ರೇಲರ್‌ನ ಎಡ ಮಗ್ಗುಲಲ್ಲಿ, ಮುಂಭಾಗಕ್ಕೆ ಅಂಥದೇ ಫಲಕ ಇರುತ್ತದೆ. ಎರಡೂ ಅಂಕಿಗಳನ್ನು ಬರೆದುಕೊಂಡು ಕೂಡಿಸಿ.

ಮೊತ್ತ 10,001 ಪೌಂಡ್, ಅಂದರೆ 4,536 ಕಿಲೋ ಮುಟ್ಟಿದರೆ, ರಾಜ್ಯದಿಂದ ರಾಜ್ಯಕ್ಕೆ ವ್ಯವಹಾರಕ್ಕಾಗಿ ಓಡುವ ಆ ಜೋಡಿ ವಾಣಿಜ್ಯ ವಾಹನವಾಗುತ್ತದೆ. ಇದು ಸಣ್ಣ ಮಿತಿ. 7,000 ಪೌಂಡ್‌ನ ಸಾಧಾರಣ ಪಿಕಪ್ 7,000 ಪೌಂಡ್‌ನ ಟ್ರೇಲರ್ ಎಳೆದರೂ ಮೊತ್ತ 14,000.

ಎರಡನೆಯ ಮಿತಿ 26,001 ಪೌಂಡ್, ಸುಮಾರು 11,794 ಕಿಲೋ. ಜೋಡಿಯ ಮೊತ್ತ ಅಷ್ಟಾಗಿ, ಜೊತೆಗೆ ಟ್ರೇಲರ್ ಒಂದರದೇ 10,000 ಪೌಂಡ್ ಮೀರಿದರೆ, ‘ಎ’ ದರ್ಜೆಯ ವಾಣಿಜ್ಯ ಚಾಲನಾ ಪರವಾನಗಿ, ಅಂದರೆ ಸಿಡಿಎಲ್, ಬೇಕು. ಹಿಂದೆ ಜೋಡಿ ಚಕ್ರವಿರುವ ದೊಡ್ಡ ಪಿಕಪ್ 14,000 ಪೌಂಡ್‌ನದು ಎಂದುಕೊಳ್ಳಿ. ಅದಕ್ಕೆ 12,000 ಪೌಂಡ್‌ನ ಟ್ರೇಲರ್ ಕಟ್ಟಿದರೆ ಮೊತ್ತ ಸರಿಯಾಗಿ 26,000. ಮಾಮೂಲಿ ಪರವಾನಗಿ ಸಾಕು. 14,000 ಪೌಂಡ್‌ನದನ್ನು ಕಟ್ಟಿದರೆ ಸಿಡಿಎಲ್ ಬೇಕೇ ಬೇಕು. ಮಾರುಕಟ್ಟೆಯಲ್ಲಿ 9,990 ಪೌಂಡ್ ಎಂದು ಬರೆದ ಟ್ರೇಲರ್‌ಗಳು ಏಕೆ ಅಷ್ಟೊಂದು ಕಾಣುತ್ತವೆ ಎಂಬುದು ಈಗ ಅರ್ಥವಾಗುತ್ತದೆ.

ಇಲ್ಲಿ ಎಡವುವವರು ಬಹಳ. ಟ್ರೇಲರ್ ಖಾಲಿ ಇದೆ ಎಂಬ ವಾದ ನಡೆಯುವುದಿಲ್ಲ. ಫಲಕದ ಮಿತಿ ಮತ್ತು ನಿಜವಾದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮಾರಾಟಗಾರರು ಹೇಳುವ ‘ಎಳೆಯುವ ಸಾಮರ್ಥ್ಯ’ ಬೇರೆಯದೇ ವಿಷಯ. ಗಾಡಿಗೆ ಎಳೆಯುವ ಶಕ್ತಿ ಇದೆ ಎಂದ ಮಾತ್ರಕ್ಕೆ ನಿಮಗೆ ಎಳೆಯುವ ಹಕ್ಕು ಬರುವುದಿಲ್ಲ.

ಎರಡನೆಯದು: ಸರಕು ಯಾರದು, ಎಲ್ಲಿಂದ ಎಲ್ಲಿಗೆ

ನಿಮ್ಮದೇ ಯಂತ್ರವನ್ನು ನಿಮ್ಮದೇ ಕೆಲಸಕ್ಕೆ ಸಾಗಿಸಿದರೆ ನೀವು ಖಾಸಗಿ ಸಾಗಣೆದಾರರು. ಬೇರೆಯವರ ಸರಕನ್ನು ಬಾಡಿಗೆಗೆ ಒಯ್ದರೆ ಬಾಡಿಗೆ ಸಾಗಣೆದಾರರು. 10,001 ಪೌಂಡ್ ಮುಟ್ಟಿದ ಮೇಲೆ ರಾಜ್ಯಗಳ ನಡುವೆ ಓಡಿಸುವ ಇಬ್ಬರಿಗೂ ಯುಎಸ್‌ಡಾಟ್ ಸಂಖ್ಯೆ, ಅಂದರೆ ಸಾಗಣೆದಾರರ ಸರ್ಕಾರಿ ಗುರುತಿನ ಸಂಖ್ಯೆ, ಬೇಕು. ಬಾಡಿಗೆಯವರಿಗೆ ಅದರ ಮೇಲೆ ಆಪರೇಟಿಂಗ್ ಅಥಾರಿಟಿ, ಅಂದರೆ ಬಾಡಿಗೆಗೆ ಸಾಗಿಸುವ ಅನುಮತಿ, ಸಾಮಾನ್ಯವಾಗಿ ಬೇಕಾಗುತ್ತದೆ.

ಗಡಿ ದಾಟದಿದ್ದರೆ ಎಲ್ಲವೂ ರಾಜ್ಯದೊಳಗಿನ ವ್ಯವಹಾರ ಎಂದುಕೊಳ್ಳಬೇಡಿ. ಬೇರೆ ರಾಜ್ಯದಿಂದ ಬಂದ ಸರಕಿನ ಕೊನೆಯ ಹತ್ತು ಮೈಲಿ ಮಾತ್ರ ನಿಮ್ಮ ಪಾಲಿನದಾದರೂ ಅದು ಅಂತರರಾಜ್ಯ ಸಾಗಣೆಯೇ ಆಗಬಹುದು. ಅಪ್ಪಟ ಒಳರಾಜ್ಯ ಕೆಲಸಕ್ಕೆ ಆಯಾ ರಾಜ್ಯದ ನಿಯಮ ಅನ್ವಯಿಸುತ್ತದೆ. ಅದು ಎಲ್ಲೆಡೆ ಒಂದೇ ತೆರನಾಗಿಲ್ಲವಾದ್ದರಿಂದ ನಿಮ್ಮ ರಾಜ್ಯದ ಸಾರಿಗೆ ಇಲಾಖೆಯನ್ನೇ ಕೇಳಬೇಕು.

ಮೂರನೆಯದು: ನೋಂದಣಿ ಮತ್ತು ವಿಮೆ

ಯುಎಸ್‌ಡಾಟ್ ಸಂಖ್ಯೆ ಕೊಡುವುದು ವಾಣಿಜ್ಯ ವಾಹನಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ, ಎಫ್‌ಎಂಸಿಎಸ್‌ಎ. ಇದಕ್ಕೆ ಶುಲ್ಕವಿಲ್ಲ. ಆಪರೇಟಿಂಗ್ ಅಥಾರಿಟಿಯ ಅರ್ಜಿಗೆ 300 ಡಾಲರ್. ನೋಂದಣಿ ಆದ ಕೆಲವೇ ದಿನಗಳಲ್ಲಿ ಸರ್ಕಾರಿ ಪತ್ರದ ವೇಷ ತೊಟ್ಟ ಕಾಗದಗಳೂ ಕರೆಗಳೂ ಬರತೊಡಗುತ್ತವೆ: ‘ಇಂದೇ ಹಣ ಕಟ್ಟದಿದ್ದರೆ ನಿಮ್ಮ ಸಂಖ್ಯೆ ರದ್ದು’ ಎಂಬ ಧಾಟಿಯಲ್ಲಿ. ಹೊಸಬರ ಹೆಸರು, ವಿಳಾಸ ಸಾರ್ವಜನಿಕ ದಾಖಲೆಯಲ್ಲಿ ಸಿಗುವುದರಿಂದ ನಡೆಯುವ ದಂಧೆ ಇದು. ಇಲಾಖೆಯ ಜಾಲತಾಣದಲ್ಲಿ ನೀವೇ ಪರಿಶೀಲಿಸದೆ ಒಂದು ಡಾಲರ್ ಕೂಡ ಕಟ್ಟಬೇಡಿ.

ಕಂಪನಿಯ ಹೆಸರು ಮತ್ತು ಸಂಖ್ಯೆಯನ್ನು ಪಿಕಪ್‌ನ ಎರಡೂ ಮಗ್ಗುಲಲ್ಲಿ, ಹಗಲಿನಲ್ಲಿ 50 ಅಡಿ ದೂರದಿಂದ ಓದಲು ಬರುವಂತೆ ಬರೆಸಬೇಕು. ರಾಜ್ಯಗಳ ನಡುವೆ ಓಡುವವರಿಗೆ ಯುಸಿಆರ್ ಎಂಬ ವಾರ್ಷಿಕ ನೋಂದಣಿ ಇದೆ. ಜೋಡಿಯ ತೂಕ 26,000 ಪೌಂಡ್ ದಾಟಿದರೆ ಇಂಧನ ತೆರಿಗೆಯ ಐಎಫ್‌ಟಿಎ ಲೆಕ್ಕವೂ ತಲೆಗೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿದಿರಿ ಎಂಬ ವಿವರ ಸಲ್ಲಿಸಬೇಕು.

ಮನೆಯ ಕಾರಿನ ವಿಮೆಯನ್ನು ನಂಬಿ ಬಾಡಿಗೆ ಸರಕು ಹೊರುವುದು ಬರಿಗೈಯಲ್ಲಿ ಹೊರಟಂತೆಯೇ. ಅಂತರರಾಜ್ಯ ಬಾಡಿಗೆ ಸಾಗಣೆಗೆ, ವಾಹನ 10,001 ಪೌಂಡ್ ಮುಟ್ಟಿದ್ದರೆ, ಅಪಾಯಕಾರಿಯಲ್ಲದ ಸರಕಿಗೂ ಕನಿಷ್ಠ 7,50,000 ಡಾಲರ್ ಹೊಣೆಗಾರಿಕೆ ವಿಮೆ ಬೇಕೆಂದು ಕಾನೂನು ಹೇಳುತ್ತದೆ. ಸರಕು ಕೊಡಿಸುವ ದಲ್ಲಾಳಿಗಳು ಸಾಮಾನ್ಯವಾಗಿ 10 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದರೆ ಮಾತನಾಡುವುದಿಲ್ಲ.

ನಾಲ್ಕನೆಯದು: ಚಾಲಕ

ಅಂತರರಾಜ್ಯ ವಾಣಿಜ್ಯ ವಾಹನ ಓಡಿಸಲು 21 ವರ್ಷ ತುಂಬಿರಬೇಕು. ಸಿಡಿಎಲ್ ಬೇಡದಿದ್ದರೂ ವೈದ್ಯಕೀಯ ಪ್ರಮಾಣಪತ್ರ ಬೇಕು. ರಾಷ್ಟ್ರೀಯ ಪಟ್ಟಿಯಲ್ಲಿರುವ ಪರೀಕ್ಷಕರೇ ಕೊಟ್ಟಿರಬೇಕು, ಅವಧಿ ಹೆಚ್ಚೆಂದರೆ ಎರಡು ವರ್ಷ. ಸರಕು ಸಾಗಿಸುವವರು ಹತ್ತು ಗಂಟೆ ವಿಶ್ರಾಂತಿಯ ನಂತರ 14 ಗಂಟೆಯ ಅವಧಿಯೊಳಗೆ 11 ಗಂಟೆ ಮಾತ್ರ ಚಾಲನೆ ಮಾಡಬಹುದು. ನೆಲೆಯಿಂದ 150 ಏರ್‌ಮೈಲಿ (ರಸ್ತೆಯಲ್ಲಲ್ಲ, ನೇರ ಗೆರೆಯಲ್ಲಿ ಅಳೆದ ದೂರ) ವ್ಯಾಪ್ತಿಯೊಳಗೇ ಕೆಲಸ ಮಾಡಿ ನಿತ್ಯ ಮರಳುವವರಿಗೆ, ಷರತ್ತುಗಳಿಗೆ ಒಳಪಟ್ಟು, ಚಾಲನೆಯ ವೇಳೆಯನ್ನು ತಾನಾಗಿ ದಾಖಲಿಸುವ ವಿದ್ಯುನ್ಮಾನ ದಿನಚರಿ ಯಂತ್ರದಿಂದ ವಿನಾಯಿತಿ ಇದೆ. ಕೆಲಸದ ವೇಳೆಯ ದಾಖಲೆಯನ್ನು ಮಾತ್ರ ಅವರೂ ಇಡಬೇಕು.

ಐದನೆಯದು: ಬ್ರೇಕ್, ಸರಪಳಿ, ಕಟ್ಟು

ಕಾಗದಪತ್ರ ಎಲ್ಲ ಸರಿಯಿದ್ದರೂ ಗಾಡಿಯನ್ನು ರಸ್ತೆ ಬದಿಯಲ್ಲೇ ಕೂರಿಸುವ ದೋಷಗಳು ಇಲ್ಲಿವೆ. ವ್ಯವಹಾರಕ್ಕೆ ಓಡುವ ಭಾರದ ಟ್ರೇಲರ್‌ಗೆ ಅದರದೇ ಬ್ರೇಕ್ ಇರಬೇಕು. ಅದು ಪಿಕಪ್‌ನಿಂದ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿದು ಕನಿಷ್ಠ 15 ನಿಮಿಷ ಬಿಡದೆ ನಿಲ್ಲಿಸಬೇಕು. ವಿದ್ಯುತ್ ಬ್ರೇಕ್ ಇದ್ದರೆ ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ ಟ್ರೇಲರನ್ನು ಪಿಕಪ್‌ಗೆ ಜೋಡಿಸಿಯೇ ಇಟ್ಟು, ವಿದ್ಯುತ್ ಪ್ಲಗ್ ಮಾತ್ರ ಕಿತ್ತುಬಿಡಿ. ಇಲ್ಲವಾದರೆ ಪಿಕಪ್‌ನ ಬ್ಯಾಟರಿಯೇ ನೆರವಿಗೆ ಬಂದು ಸುಳ್ಳು ಫಲಿತಾಂಶ ಸಿಗುತ್ತದೆ. ಟ್ರೇಲರ್‌ನ ಕೊಕ್ಕಿನ ಬಳಿಯ ಚಿಕ್ಕ ಪೆಟ್ಟಿಗೆಗೆ ಸಿಕ್ಕಿಸಿದ ಕೇಬಲ್ಲಿನ ಪಿನ್ ಎಳೆಯಿರಿ. ಈಗ ಪಿಕಪ್ಪನ್ನು ಮೆಲ್ಲಗೆ ಮುಂದಕ್ಕೆ ತಂದರೆ ಟ್ರೇಲರ್ ಜಗ್ಗಿ ಹಿಡಿಯಬೇಕು. ಸರಾಗವಾಗಿ ಉರುಳಿದರೆ ಮೊದಲ ಅನುಮಾನ ಆ ಪೆಟ್ಟಿಗೆಯ ಪುಟ್ಟ ಬ್ಯಾಟರಿಯ ಮೇಲಿರಲಿ. ನೋಡಿದ ಕೂಡಲೇ ಪಿನ್ ಮತ್ತೆ ಸಿಕ್ಕಿಸಿ.

ಕಟ್ಟುವ ಲೆಕ್ಕಕ್ಕೆ ಒಂದು ಉದಾಹರಣೆ. 12,000 ಪೌಂಡ್ ತೂಕದ ಅಗೆಯುವ ಯಂತ್ರಕ್ಕೆ ಸರಪಳಿಗಳ ಒಟ್ಟು ಕೆಲಸದ ಮಿತಿ (ಅವು ಸುರಕ್ಷಿತವಾಗಿ ತಡೆಯಬಲ್ಲ ಭಾರ) ಯಂತ್ರದ ತೂಕದ ಕನಿಷ್ಠ ಅರ್ಧ, ಅಂದರೆ 6,000 ಪೌಂಡ್ ಇರಬೇಕು. 70ನೇ ದರ್ಜೆಯ ಮೂರು-ಎಂಟಾಂಶ ಇಂಚಿನ ಸರಪಳಿಯ ಮಿತಿ 6,600 ಪೌಂಡ್. ಯಂತ್ರದಿಂದ ನೇರವಾಗಿ ಟ್ರೇಲರ್‌ಗೆ ಬಿಗಿದಾಗ ಅದರಲ್ಲಿ ಅರ್ಧ ಮಾತ್ರ ಎಣಿಕೆಗೆ. ಹಾಗಾಗಿ ಗಣಿತದ ಪ್ರಕಾರ ಎರಡೇ ಸರಪಳಿ ಸಾಕು. ಆದರೆ 10,000 ಪೌಂಡ್ ಮುಟ್ಟಿದ ಯಂತ್ರಕ್ಕೆ ಕನಿಷ್ಠ ನಾಲ್ಕು ಕಟ್ಟು ಎಂದು ಪ್ರತ್ಯೇಕ ನಿಯಮವೇ ಇದೆ. ಬಕೆಟ್‌ನಂಥ ಚಲಿಸುವ ಭಾಗವನ್ನು ಕೆಳಗಿಳಿಸಿ ಭದ್ರಪಡಿಸಬೇಕು. ಹೊರಟ ಮೊದಲ 50 ಮೈಲಿಯೊಳಗೆ ನಿಲ್ಲಿಸಿ ಕಟ್ಟುಗಳನ್ನು ನೋಡಬೇಕು, ಆಮೇಲೆ ಮೂರು ಗಂಟೆ ಅಥವಾ 150 ಮೈಲಿಗೊಮ್ಮೆ, ಯಾವುದು ಮೊದಲೋ ಆಗ.

ಅಗ್ನಿಶಾಮಕ, ಮೂರು ಪ್ರತಿಫಲಕ ತ್ರಿಕೋನ ಪಿಕಪ್‌ನಲ್ಲಿರಲಿ. ವಾರ್ಷಿಕ ತಪಾಸಣೆ ಪಿಕಪ್‌ಗೆ ಮಾತ್ರವಲ್ಲ, ಟ್ರೇಲರ್‌ಗೂ ಆಗಬೇಕು, ಪುರಾವೆ ಜೊತೆಗಿರಬೇಕು.

ನಂತರ

ಹೊಸಬರಿಗೆ ಮೊದಲ 18 ತಿಂಗಳು ನಿಗಾ ಅವಧಿ. ಶುರುವಾದ ಹನ್ನೆರಡು ತಿಂಗಳೊಳಗೆ ಸಾಮಾನ್ಯವಾಗಿ ಸುರಕ್ಷತಾ ಲೆಕ್ಕಪರಿಶೋಧನೆ ನಡೆಯುತ್ತದೆ. ಚಾಲಕರ ಕಡತ, ವೇಳೆಯ ದಾಖಲೆ, ದುರಸ್ತಿ ರಸೀದಿ, ವಿಮೆ ಪತ್ರ ಕೇಳುತ್ತಾರೆ. ಮಾಲೀಕರೂ ಚಾಲಕರೂ ನೀವೊಬ್ಬರೇ ಆಗಿದ್ದರೂ ನಿಮ್ಮ ಹೆಸರಿನಲ್ಲೊಂದು ಕಡತ ಇರಬೇಕು. ಯುಎಸ್‌ಡಾಟ್ ವಿವರಗಳನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಳಾಸವಾಗಲಿ ವಾಹನವಾಗಲಿ ಬದಲಾಗಿಲ್ಲದಿದ್ದರೂ ಸಲ್ಲಿಸಲೇಬೇಕು, ಮರೆತರೆ ಸಂಖ್ಯೆ ನಿಷ್ಕ್ರಿಯವಾಗಬಹುದು.